ಕೊಪ್ಪಳ ಕೋಟೆ ಮತ್ತು ಕೊಪಣ ತೀರ್ಥ: ನಮ್ಮ ಪಕ್ಕದ ಕ್ಷೇತ್ರವನ್ನು ನೋಡುವ ಬಗೆ

ರಾಯಚೂರು, ಮಾನ್ವಿ, ದೇವದುರ್ಗ ಭಾಗದ ಜೈನ ಬಂಧುಗಳು ಯಾತ್ರೆ ಎಂದರೆ ದೂರದ ಊರುಗಳನ್ನೇ ನೆನೆಯುತ್ತಾರೆ. ಸಮ್ಮೇದ ಶಿಖರಜಿ, ಗಿರನಾರ್, ಪಾಲಿತಾಣಾ. ನಮ್ಮ ರಾಜ್ಯದಲ್ಲಾದರೆ ಶ್ರವಣಬೆಳಗೊಳ, ಮೂಡಬಿದಿರೆ. ಈ ಯಾತ್ರೆಗಳೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮನೆಯಿಂದ ನಾಲ್ಕು ತಾಸಿನ ದಾರಿಯಲ್ಲಿ ಒಂದು ಮಹಾತೀರ್ಥವಿದೆ. ಶ್ರವಣಬೆಳಗೊಳದ ಶಾಸನಗಳೇ ಅದರ ಹೆಸರನ್ನು ಗೌರವದಿಂದ ಹೇಳುತ್ತವೆ. ಅದೇ ಕೊಪಣ, ಇಂದಿನ ಕೊಪ್ಪಳ.

1997ರಲ್ಲಿ ಹೊಸ ಜಿಲ್ಲೆ ಆಗುವ ತನಕ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯದೇ ತಾಲ್ಲೂಕು. ಕಚೇರಿ ಕೆಲಸಕ್ಕೆ, ವ್ಯಾಪಾರಕ್ಕೆ, ಬೀಗತನಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದೇವೆ. ಬಸ್ಸಿನ ಕಿಟಕಿಯಿಂದ ಗುಡ್ಡ ನೋಡಿ, ಅದರ ಮೇಲಿನ ಕೋಟೆ ನೋಡಿ, ಮುಂದೆ ಹೋಗಿದ್ದೇವೆ. ಆ ಗುಡ್ಡಗಳ ಬಂಡೆಗಳ ಮೇಲೆ ನಮ್ಮ ಆಚಾರ್ಯರ ಹೆಸರುಗಳಿವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಕೊಪ್ಪಳಕ್ಕೆ ಹೋದರೆ ಏನು ನೋಡಬೇಕು, ಹೇಗೆ ನೋಡಬೇಕು, ಅಲ್ಲಿ ಏನು ಮಾಡಬಾರದು ಎಂಬುದನ್ನು ನಮ್ಮ ಓದುಗರಿಗೆ ತಿಳಿಸಲು ಈ ಲೇಖನ.

ಕೊಪಣದ ಹಿರಿಮೆ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನಾಡನ್ನು ಗುರುತಿಸುವಾಗ ನಾಲ್ಕು ಊರುಗಳನ್ನು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಅಂದರೆ ಅಮೋಘವರ್ಷ ನೃಪತುಂಗನ ಕಾಲಕ್ಕೇ ಕೊಪಣ ದೊಡ್ಡ ನಗರ, ಎಲ್ಲರೂ ಬಲ್ಲ ಊರು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹಾಳುಬಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಹೊಗಳುವಾಗ, ಅವನು ಗಂಗವಾಡಿ ತೊಂಬತ್ತಾರು ಸಾಸಿರವನ್ನೇ ಕೊಪಣದಂತೆ ಮಾಡಿದ ಎಂದು ಶಾಸನ ಹೇಳುತ್ತದೆ. ಒಂದು ನಾಡು ಧರ್ಮದಲ್ಲಿ ಎಷ್ಟು ಬೆಳಗಿತು ಎಂದು ಹೇಳಲು ಆಗಿನವರು ಅಳತೆಗೋಲಾಗಿ ಹಿಡಿದದ್ದು ಕೊಪಣವನ್ನು. 1159ರ ಸುಮಾರಿಗೆ ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳ ದಂಡನಾಯಕನೂ ಕೊಪಣವನ್ನು ಮರೆಯಲಿಲ್ಲ. ಅಲ್ಲಿನ 24 ಮುನಿಗಳ ಸಂಘಕ್ಕೆ ದಾನ ನಿಂತುಹೋಗದಂತೆ ಭೂಮಿಯನ್ನು ಬಿಟ್ಟ. ಕವಿ ರನ್ನ ತನ್ನ ಅಜಿತಪುರಾಣದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಪವಿತ್ರ ಬಾಳನ್ನು ಹೋಲಿಸಲು ಕೊಪಣದ ಬೆಟ್ಟವನ್ನು ನೆನೆಯುತ್ತಾನೆ.

ಇಲ್ಲಿ 772 ಬಸದಿಗಳಿದ್ದವು ಎಂಬ ಮಾತು ಹಿಂದಿನಿಂದ ನಡೆದು ಬಂದಿದೆ. ಆ ಲೆಕ್ಕವನ್ನು ಇಂದು ಎಣಿಸಿ ತೋರಿಸಲಾಗದು. ಆದರೆ ಬಂಡೆಯ ಮೇಲಿನ ಬರಹಗಳು ಕಣ್ಣ ಮುಂದೆಯೇ ಇವೆ. ಅವುಗಳಿಂದಲೇ ಶುರು ಮಾಡೋಣ.

ಪಾಲ್ಕಿಗುಂಡು: ಬಂಡೆಯ ಮೇಲಿನ ಎರಡು ಪಾದ

ಊರ ಅಂಚಿನ ಗುಡ್ಡವೊಂದರ ಮೇಲೆ ದೊಡ್ಡ ಗುಂಡುಗಳ ತಲೆಯ ಮೇಲೆ ಚಪ್ಪಟೆ ಬಂಡೆ ಕೂತಿದೆ. ದೂರದಿಂದ ನೋಡಿದರೆ ಪಲ್ಲಕ್ಕಿಯ ಹಾಗೆ ಕಾಣುವುದರಿಂದ ಪಾಲ್ಕಿಗುಂಡು ಎಂಬ ಹೆಸರು. ಈ ಗುಡ್ಡದಲ್ಲಿ ಅಶೋಕನ ಶಾಸನವಿದೆ. ನಮಗೆ ಅದಕ್ಕಿಂತಲೂ ಹತ್ತಿರವಾದದ್ದು ಬಂಡೆಯಲ್ಲಿ ಕಡೆದ ಎರಡು ಪಾದಗಳು, ಮತ್ತು ಅವುಗಳ ಬಳಿ ಹಳಗನ್ನಡದ ಎರಡು ಸಾಲು. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಮಾಡಿಸಿದ ಎಂಬುದು ಅದರ ಅರ್ಥ.

ಜಟಾಸಿಂಹನಂದಿ ಆಚಾರ್ಯರು ಸಂಸ್ಕೃತದಲ್ಲಿ ವರಾಂಗಚರಿತೆ ಎಂಬ ಕಾವ್ಯ ಬರೆದವರು. ಏಳನೆಯ ಶತಮಾನದವರೆಂದು ವಿದ್ವಾಂಸರು ಹೇಳುತ್ತಾರೆ. 783ರಲ್ಲಿ ಹರಿವಂಶಪುರಾಣ ಮುಗಿಸಿದ ಜಿನಸೇನರು ಈ ಕಾವ್ಯವನ್ನು ಹೊಗಳಿದ್ದಾರೆ. ಆದಿಪುರಾಣ ಬರೆದ ಇನ್ನೊಬ್ಬ ಜಿನಸೇನರೂ ಜಟಾಚಾರ್ಯರನ್ನು ನೆನೆದಿದ್ದಾರೆ. ಆಮೇಲೆ ಎಷ್ಟೋ ಶತಮಾನ ಆ ಗ್ರಂಥ ಕಣ್ಮರೆಯಾಗಿ, ಹೆಸರು ಮಾತ್ರ ಉಳಿದಿತ್ತು. ಡಾ. ಆ. ನೇ. ಉಪಾಧ್ಯೆಯವರು ತಾಳೆಗರಿ ಪ್ರತಿಗಳನ್ನು ಹುಡುಕಿ, ಶೋಧಿಸಿ, 1938ರಲ್ಲಿ ಪ್ರಕಟಿಸಿದರು. ಗ್ರಂಥ ಮರೆಯಾಗಿದ್ದ ಅಷ್ಟೂ ಕಾಲ ಗುರುಗಳ ಹೆಸರನ್ನು ಬಿಸಿಲಲ್ಲಿ ಮಳೆಯಲ್ಲಿ ಉಳಿಸಿಕೊಂಡು ಬಂದದ್ದು ಈ ಕಲ್ಲು.

ಚಾವಯ್ಯ ಯಾರು? ಆ ಎರಡು ಸಾಲಿನಲ್ಲಿ ಅವನಿಗೆ ಬಿರುದಿಲ್ಲ, ವಂಶದ ವಿವರವಿಲ್ಲ, ಎಷ್ಟು ಖರ್ಚು ಮಾಡಿದ ಎಂಬುದೂ ಇಲ್ಲ. ಆಚಾರ್ಯರ ಹೆಸರು ಮೊದಲು, ಅವನ ಹೆಸರು ಆಮೇಲೆ. ಒಂದು ಫ್ಯಾನು ಕೊಟ್ಟರೂ ಅದರ ಮೂರು ರೆಕ್ಕೆಗೂ ಹೆಸರು ಬರೆಸುವ ನಮ್ಮ ಕಾಲದಲ್ಲಿ ಈ ಎರಡು ಸಾಲನ್ನು ನಿಧಾನವಾಗಿ ಓದುವುದು ಒಳ್ಳೆಯದು.

ಸರ್ವನಂದಿ ಭಟ್ಟಾರಕರ ಶಾಸನ

ಕೊಪ್ಪಳದ ಬಂಡೆ ಬರಹಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಶಕವರ್ಷ 803ರದು, ಅಂದರೆ ಕ್ರಿ.ಶ. 881ರದು. ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಇಲ್ಲಿಯೇ ನೆಲೆಸಿ, ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನವನ್ನು ಕೈಗೊಂಡು ಮುಡಿಪಿದರು ಎಂದು ಅದು ತಿಳಿಸುತ್ತದೆ.

ಇಲ್ಲಿ "ಊರಿಗೂ ತೀರ್ಥಕ್ಕೂ" ಎಂದು ಎರಡನ್ನೂ ಹೇಳಿರುವುದನ್ನು ಗಮನಿಸಬೇಕು. ಒಬ್ಬ ಮುನಿಗಳ ಬದುಕನ್ನು ಕಲ್ಲಿನಲ್ಲಿ ಬರೆಸುವಾಗ ಶ್ರಾವಕರು ತೀರ್ಥಕ್ಕೆ ಒಳ್ಳೆಯದಾಯಿತು ಎಂದಷ್ಟೇ ಬರೆಸಿ ಬಿಡಬಹುದಿತ್ತು. ಊರನ್ನು ಮೊದಲು ಬರೆಸಿದರು. ಆ ಊರಿನಲ್ಲಿ ಜೈನರಷ್ಟೇ ಇರಲಿಲ್ಲ, ಎಲ್ಲರೂ ಇದ್ದರು. ತೀರ್ಥ ಎನ್ನುವುದು ಊರಿನಿಂದ ಬೇರೆಯಾಗಿ ಗೋಡೆ ಕಟ್ಟಿಕೊಂಡು ಇರುವಂಥದ್ದಲ್ಲ ಎಂಬ ತಿಳಿವಳಿಕೆ 881ರಲ್ಲೇ ಇಲ್ಲಿಯವರಿಗೆ ಇತ್ತು.

ಇನ್ನೊಂದು ಶಾಸನ ಸಿಂಹನಂದಿ ಎಂಬ ಗುರುಗಳು ಒಂದು ತಿಂಗಳ ಇಂಗಿಣಿಮರಣ ವಿಧಿಯಿಂದ ದೇಹ ಬಿಟ್ಟದ್ದನ್ನು ಹೇಳುತ್ತದೆ. ಈ ಶಬ್ದ ಹೊಸಬರಿಗೆ ತಿಳಿಯಲಿಕ್ಕಿಲ್ಲ. ಸಲ್ಲೇಖನದಲ್ಲಿ ಮೂರು ಬಗೆ. ಭಕ್ತಪ್ರತ್ಯಾಖ್ಯಾನದಲ್ಲಿ ಆಹಾರವನ್ನು ಕ್ರಮವಾಗಿ ಬಿಡುತ್ತ, ತನ್ನ ಶರೀರದ ಸೇವೆಯನ್ನು ತಾನೂ ಮಾಡಿಕೊಳ್ಳಬಹುದು, ಬೇರೆಯವರಿಂದಲೂ ಪಡೆಯಬಹುದು. ಇಂಗಿಣಿಯಲ್ಲಿ ತಾನೇ ಮಾಡಿಕೊಳ್ಳಬಹುದೇ ಹೊರತು ಬೇರೆಯವರ ಸೇವೆ ಪಡೆಯುವಂತಿಲ್ಲ. ಪ್ರಾಯೋಪಗಮನದಲ್ಲಿ ಎರಡೂ ಇಲ್ಲ.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಇರುವುದನ್ನು ನೀವು ನೋಡಿರಬಹುದು. ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಕೋಟೆ ಯಾರು ಕಟ್ಟಿಸಿದರು ಎಂಬುದನ್ನು ಆ ಕಲ್ಲು ಹೇಳುತ್ತದೆ. ಕೊಪ್ಪಳದ ಬಂಡೆಗಳು ಹೇಳುವುದು ಎಲ್ಲವನ್ನೂ ಬಿಟ್ಟು ಹೋದವರ ಹೆಸರುಗಳನ್ನು. ಎರಡನ್ನೂ ಮಕ್ಕಳಿಗೆ ತೋರಿಸಿದರೆ ಕೋಟೆಗೂ ತೀರ್ಥಕ್ಕೂ ಏನು ವ್ಯತ್ಯಾಸ ಎಂದು ಬೇರೆ ಪಾಠ ಹೇಳಬೇಕಾಗಿಲ್ಲ.

ಗವಿಮಠ ಮತ್ತು ಅಶೋಕನ ಮಾತು

ಕೊಪ್ಪಳದ ಗವಿಮಠ ಇಂದು ಶ್ರೀ ಗವಿಸಿದ್ಧೇಶ್ವರ ಮಠ, ವೀರಶೈವ ಲಿಂಗಾಯತ ಪರಂಪರೆಯ ದೊಡ್ಡ ಮಠ. ಅನ್ನದಾಸೋಹಕ್ಕೆ, ಶಿಕ್ಷಣ ಸೇವೆಗೆ ಹೆಸರಾದದ್ದು. ಈ ಗುಡ್ಡದ ಮೇಲೆಯೂ ಅಶೋಕನ ಶಾಸನವಿದೆ. ಕೊಪ್ಪಳದ ಈ ಎರಡೂ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ್ದು ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ತುಂಬಾ ಸವೆದು ತುಣುಕಾಗಿ ಉಳಿದಿದೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅಶೋಕನ ಈ ಶಾಸನ ಬೌದ್ಧ ಉಪಾಸಕನೊಬ್ಬನ ಮಾತು. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲು ಅಷ್ಟಾಗಿ ಶ್ರಮಪಡಲಿಲ್ಲ, ಸಂಘವನ್ನು ಸೇರಿದ ಮೇಲೆ ಹೆಚ್ಚು ಶ್ರಮಿಸಿದೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತದೆ ಎಂಬುದು ಅದರ ಸಾರಾಂಶ. ಅದನ್ನು ಜೈನ ಶಾಸನ ಎಂದು ಹೇಳಿಕೊಳ್ಳುವುದು ಸರಿಯಲ್ಲ, ಅದರ ಅಗತ್ಯವೂ ನಮಗಿಲ್ಲ. ಹಾಗೆಯೇ ಈಗಿನ ಮಠದ ಸ್ಥಳ ಹಿಂದೆ ಯಾರದು ಎಂದು ಚರ್ಚೆ ತೆಗೆಯುವುದೂ ಯಾತ್ರಿಕರ ಕೆಲಸವಲ್ಲ. ಒಂದೇ ಊರಿನ ಗುಡ್ಡಗಳಲ್ಲಿ ಬೌದ್ಧ ಅರಸನ ಮಾತು, ಜೈನ ಆಚಾರ್ಯರ ಪಾದ, ಶರಣ ಪರಂಪರೆಯ ಮಠ ಮೂರೂ ಇವೆ. ಗೌರವದಿಂದ ಹೋಗಿ, ಕೇಳಿ ಒಳಗೆ ನಡೆದು, ನೋಡಿ ಬರಬೇಕು.

ಕೋಟೆ

ಕೊಪ್ಪಳ ಕೋಟೆ ಬಯಲಿನಿಂದ ಸುಮಾರು 400 ಅಡಿ ಎತ್ತರದ ಕಲ್ಲುಗುಡ್ಡದ ಮೇಲಿದೆ. ಮೊದಲು ಕಟ್ಟಿದವರು ಯಾರೆಂದು ದಾಖಲೆ ಇಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ಪಾಳೇಗಾರನಿಂದ ಅದನ್ನು ಪಡೆದು, ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಬ್ರಿಟಿಷರು ಮತ್ತು ನಿಜಾಮನ ಸೈನ್ಯ ಮುತ್ತಿಗೆ ಹಾಕಿ, ಸುಮಾರು ಆರು ತಿಂಗಳಾದ ಮೇಲೆ 1791ರಲ್ಲಿ ವಶಪಡಿಸಿಕೊಂಡರು. ಭಾರತದಲ್ಲಿ ತಾನು ಕಂಡ ಕೋಟೆಗಳಲ್ಲಿ ಇದೇ ಅತಿ ಬಲವಾದದ್ದು ಎಂದು ಸರ್ ಜಾನ್ ಮಾಲ್ಕಂ ಹೇಳಿದ್ದಾನೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು ಈ ಕೋಟೆಯನ್ನು ಹಿಡಿದು, ಹಮ್ಮಿಗಿ ಕೆಂಚನಗೌಡನ ಜೊತೆ ಇಲ್ಲಿಯೇ ಹೋರಾಡಿ ಮಡಿದ.

ಇಷ್ಟು ಬಲವಾದ ಕೋಟೆಗೂ ಇಂದು ಕಾವಲಿಲ್ಲ, ಫಿರಂಗಿ ಇಲ್ಲ. ಬುರುಜುಗಳಲ್ಲಿ ಮುಳ್ಳುಕಂಟಿ ಬೆಳೆದಿದೆ. ಹತ್ತುವ ದಾರಿ ಕಲ್ಲಿನದು, ಕೆಲವು ಕಡೆ ಕಡಿದು. ಮೇಲೆ ನಿಂತರೆ ಇಡೀ ಊರು, ಸುತ್ತಲ ಗುಂಡುಗಳ ಗುಡ್ಡಗಳು ಕಾಣುತ್ತವೆ. ಮುನಿಗಳು ತಪಸ್ಸಿಗೆ ಈ ಸ್ಥಳ ಯಾಕೆ ಆರಿಸಿದರು ಎಂಬುದು ಅಲ್ಲಿ ತಾನೇ ಅರ್ಥವಾಗುತ್ತದೆ. ಎಲ್ಲಿ ನೋಡಿದರೂ ಗುಂಡಿನ ಮರೆ, ಗವಿಯ ನೆರಳು, ಕೆಳಗೆ ಊರು. ಆಹಾರಕ್ಕೆ ಊರಿಗೆ ಇಳಿದು ಹೋಗಬಹುದು, ಧ್ಯಾನಕ್ಕೆ ಊರಿನಿಂದ ದೂರವೂ ಇರಬಹುದು.

"ಬಸದಿ ಎಲ್ಲಿದೆ?"

ಸ್ವಯಂಸೇವಕನಾಗಿ ನಾನು ಸಣ್ಣ ಸಣ್ಣ ತಂಡಗಳನ್ನು ಕರೆದುಕೊಂಡು ಹೋದಾಗಲೆಲ್ಲ ಮಕ್ಕಳೂ ಹಿರಿಯರೂ ಕೇಳುವ ಪ್ರಶ್ನೆ ಒಂದೇ: ಇಷ್ಟು ದೊಡ್ಡ ತೀರ್ಥ ಅಂತೀರಿ, ಬಸದಿ ಎಲ್ಲಿದೆ? ಅಮೃತಶಿಲೆಯ ಮಂದಿರ, ಮಾನಸ್ತಂಭ, ಧರ್ಮಶಾಲೆ, ಭೋಜನಶಾಲೆ ನೋಡಿ ಅಭ್ಯಾಸವಾದ ಕಣ್ಣಿಗೆ ಬರೀ ಬಂಡೆ ಕಂಡರೆ ನಿರಾಸೆ ಆಗುವುದು ಸಹಜ.

ಇದಕ್ಕೆ ಉತ್ತರದ ಒಂದು ಭಾಗ ಹೈದರಾಬಾದಿನಲ್ಲಿದೆ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ 24 ತೀರ್ಥಂಕರರ ಒಂದು ಜಿನಬಿಂಬವಿದೆ. ಮಾಘನಂದಿ ಸಿದ್ಧಾಂತ ಚಕ್ರವರ್ತಿಗಳ ಶಿಷ್ಯನಾದ ಕೊಪಣ ತೀರ್ಥದ ಬೋಪಣ್ಣ ನೋಂಪಿಯ ನಿಮಿತ್ತ ಈ ಚೌವೀಸ ತೀರ್ಥಂಕರ ಬಿಂಬವನ್ನು ಮಾಡಿಸಿ, ಮದನ ದಂಡನಾಯಕ ಕಟ್ಟಿಸಿದ ಬಸದಿಗೆ ಕೊಟ್ಟನೆಂದು ಅದರ ಮೇಲಿನ ಬರಹ ಹೇಳುತ್ತದೆ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿತ್ತು ಎಂಬುದನ್ನು ನೆನಪಿಟ್ಟರೆ ಈ ಬಿಂಬ ಹೈದರಾಬಾದಿನಲ್ಲಿ ಇರುವುದು ಆಶ್ಚರ್ಯವಲ್ಲ. ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋಗುವ ರಾಯಚೂರಿನವರು ಒಂದು ತಾಸು ಬಿಡುವು ಮಾಡಿಕೊಂಡು ನೋಡಬೇಕು.

ಬಿಂಬ ಮ್ಯೂಸಿಯಂ ಸೇರಿತು, ಬಸದಿಗಳ ಕಲ್ಲು ಎಲ್ಲೆಲ್ಲಿಗೋ ಹೋಯಿತು. ಒಯ್ಯಲಾಗದೆ ಉಳಿದದ್ದು ಬಂಡೆ ಮಾತ್ರ. ಆದ್ದರಿಂದ ಕೊಪ್ಪಳದಲ್ಲಿ ಬಂಡೆಯೇ ಬಸದಿ. ಅದು ಹಾಳಾದರೆ ಮತ್ತೆ ಪ್ರತಿಷ್ಠೆ ಮಾಡಿ ತುಂಬಿಕೊಡಲು ಬರುವುದಿಲ್ಲ.

ಭಕ್ತಿಯಿಂದ ಆಗುವ ಹಾನಿ

ಹಾನಿ ಮಾಡುವವರು ಎಂದರೆ ನಮಗೆ ಕಲ್ಲು ಒಡೆಯುವವರು, ಹೆಸರು ಕೆತ್ತುವವರು ನೆನಪಾಗುತ್ತಾರೆ. ಅವರಿಂದ ಹಾನಿ ಆಗುವುದು ನಿಜ. ಆದರೆ ಭಕ್ತರಿಂದಲೂ ಹಾನಿಯಾಗುತ್ತದೆ. ಪಾದಗಳಿಗೆ ಎಣ್ಣೆ ಹಚ್ಚಿದರೆ ಅದು ಕಲ್ಲಿನೊಳಗೆ ಇಳಿದು ಧೂಳು ಹಿಡಿಯುತ್ತದೆ, ಅಕ್ಷರ ತುಂಬಿಹೋಗುತ್ತದೆ. ಅರಿಸಿನ, ಕುಂಕುಮ, ಗಂಧ ಬಿರುಕುಗಳಲ್ಲಿ ಕೂತು ಬಿಡುತ್ತವೆ. ಹಾಲು, ಮೊಸರಿಗೆ ಇರುವೆ ಮುತ್ತುತ್ತವೆ. ಜೀವಹಿಂಸೆಗೆ ನಾವೇ ಕಾರಣರಾಗುತ್ತೇವೆ. ಅಕ್ಷರ ಕಾಣಲೆಂದು ಸುಣ್ಣ, ಚಾಕ್‌ಪೀಸ್ ಉಜ್ಜುವುದು, ತಂತಿ ಬ್ರಷ್ಷಿನಿಂದ ತಿಕ್ಕುವುದು ಇನ್ನೂ ಕೆಟ್ಟದ್ದು. ಸಾವಿರ ವರ್ಷದ ಮಳೆ ಅಳಿಸದ ಅಕ್ಷರ ಒಂದು ದಿನದ ತಿಕ್ಕಾಟಕ್ಕೆ ಹೋಗಬಹುದು.

ಇನ್ನೂ ಒಂದು ಆಸೆ ನಮ್ಮ ದಾನಿಗಳಲ್ಲಿ ಹುಟ್ಟುವುದುಂಟು: ಪಾದಗಳ ಸುತ್ತ ಗ್ರಾನೈಟ್ ಕಟ್ಟೆ ಮಾಡಿಸೋಣ, ಮೇಲೆ ಮಂಟಪ ಕಟ್ಟಿಸೋಣ, ಟೈಲ್ಸ್ ಹಾಕಿಸೋಣ. ಉದ್ದೇಶ ಒಳ್ಳೆಯದು. ಆದರೆ ಅಶೋಕನ ಶಾಸನಗಳಿರುವ ಜಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕ ಸಂರಕ್ಷಣಾ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನಿನ ಮಾತು ಬಿಟ್ಟರೂ, ಚಾವಯ್ಯನ ಎರಡು ಸಾಲಿನ ಪಕ್ಕದಲ್ಲಿ ನಮ್ಮ ದಾನಿಗಳ ಫಲಕ ನಿಲ್ಲಿಸುವುದು ಶೋಭೆಯಲ್ಲ.

ಹಾಗಾದರೆ ಏನು ಮಾಡಬೇಕು? ಚಪ್ಪಲಿ ದೂರದಲ್ಲಿ ಬಿಟ್ಟು, ಅಕ್ಷರಗಳ ಮೇಲೆ ಕಾಲಿಡದೆ ಕುಳಿತು, ಣಮೋಕಾರ ಮಂತ್ರ ಜಪಿಸಿ. ಶಕ್ತಿ ಇದ್ದಷ್ಟು ಹೊತ್ತು ಕಾಯೋತ್ಸರ್ಗ ಮಾಡಿ. ಅಕ್ಷತೆಯನ್ನೂ ಹಾಕುವುದು ಬೇಡ, ಭಾವಪೂಜೆ ಸಾಕು. ಎಲ್ಲವನ್ನೂ ತ್ಯಾಗ ಮಾಡಿ ಹೋದವರ ನೆಲೆಯಲ್ಲಿ ದ್ರವ್ಯವಿಲ್ಲದ ಪೂಜೆಯೇ ಹೊಂದುತ್ತದೆ. ಬರುವಾಗ ಅಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಚೀಟಿ ಆರಿಸಿ ತನ್ನಿ. ಯಾರೋ ಹೊಸದಾಗಿ ಬಣ್ಣ ಬಳಿದಿದ್ದರೆ, ಬಂಡೆ ಒಡೆದಿದ್ದರೆ ಫೋಟೊ ತೆಗೆದು, ದಿನಾಂಕ ಬರೆದು, ಇಲಾಖೆಗೆ ಅರ್ಜಿ ಕೊಡಿ. ನೀವೇ ಒರೆಸಲು ಹೋಗಬೇಡಿ.

ಹೋಗುವ ದಾರಿ, ದಿನದ ಲೆಕ್ಕ

ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿ ಮೇಲೆ ಕೊಪ್ಪಳಕ್ಕೆ ಸುಮಾರು 175 ಕಿ.ಮೀ. ದೇವದುರ್ಗದ ಕಡೆಯವರು ಸಿರವಾರದ ಮೇಲೆ ಮಾನ್ವಿಗೆ ಬಂದು ಇದೇ ದಾರಿ ಹಿಡಿಯಬಹುದು. ಲಿಂಗಸುಗೂರಿನ ಮೇಲೆ ಬರುವವರಿಗೆ ದಾರಿಯಲ್ಲೇ ಮಸ್ಕಿ ಸಿಗುತ್ತದೆ. 1915ರಲ್ಲಿ ಪತ್ತೆಯಾದ, ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನ ಅಲ್ಲಿದೆ. ರೈಲಿನಲ್ಲಿ ಬರುವವರಿಗೆ ಕೊಪ್ಪಳ ನಿಲ್ದಾಣ ಗುಂತಕಲ್–ಹುಬ್ಬಳ್ಳಿ ಮಾರ್ಗದಲ್ಲಿದೆ.

ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ನಮ್ಮ ಭಾಗದ ಬೇಸಿಗೆಯಲ್ಲಿ ಬಂಡೆ ಕಾದ ಹಂಚಿನಂತಾಗುತ್ತದೆ, ಬರಿಗಾಲಲ್ಲಿ ನಿಲ್ಲಲಾಗದು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಶಾಸನ ನೋಡಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಹೋಗುವುದು ಉತ್ತಮ.

ಎರಡು ದಿನ ಇಟ್ಟುಕೊಂಡರೆ ಅವಸರವಿಲ್ಲ. ಮೊದಲ ದಿನ ಬೆಳಗಿನ ಜಾವ ಹೊರಟು, ಬಿಸಿಲೇರುವ ಮೊದಲೇ ಪಾಲ್ಕಿಗುಂಡು ಹತ್ತಿ. ಓರೆ ಬಿಸಿಲಿನಲ್ಲಿ ಅಕ್ಷರಗಳ ನೆರಳು ಬಿದ್ದು ಓದಲು ಸುಲಭ, ನಡುಮಧ್ಯಾಹ್ನ ಏನೂ ಕಾಣಿಸದು. ಊಟ, ವಿಶ್ರಾಂತಿಯ ಮೇಲೆ ಗವಿಮಠ. ಚಳಿಗಾಲದಲ್ಲಿ ಆರು ಗಂಟೆಗೇ ಸೂರ್ಯಾಸ್ತವಾಗುವುದರಿಂದ ಸಂಜೆಯ ಊಟ ಐದಕ್ಕೇ ಮುಗಿಯುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಕಾಯಿಸಿದ ನೀರು, ಖಾಖರಾ, ಚಟ್ನಿಪುಡಿ, ರೊಟ್ಟಿ ಜೊತೆಗಿದ್ದರೆ ಯಾರನ್ನೂ ಅವಲಂಬಿಸಬೇಕಾಗಿಲ್ಲ. ಎರಡನೆಯ ದಿನ ಬೆಳಿಗ್ಗೆ ಕೋಟೆ. ಮಂಡಿನೋವಿನ ಹಿರಿಯರು ಕೆಳಗೇ ಕೂತು ನೋಡಲಿ, ಒತ್ತಾಯ ಬೇಡ.

ಮಧ್ಯಾಹ್ನ ಗದಗಿನ ರಸ್ತೆ ಹಿಡಿದರೆ 50 ಕಿ.ಮೀ. ಒಳಗೆ ಲಕ್ಕುಂಡಿ. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಅವಳ ದಾನವನ್ನು ಹೇಳುವ ಶಾಸನ 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ ಅವಳು. ಅದೇ ಸುತ್ತಿನಲ್ಲಿ ಇಟಗಿಯ ಮಹಾದೇವ ದೇವಾಲಯವನ್ನೂ ನೋಡಬಹುದು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದೇ ಕರೆದಿದೆ. ಬಂಡೆ ನೋಡಿ ಬಂದ ಮಕ್ಕಳಿಗೆ ಕಟ್ಟಡದ ಕೆಲಸವನ್ನೂ ತೋರಿಸಿದ ಹಾಗಾಗುತ್ತದೆ.

ನಮ್ಮಿಂದ ಆಗಬೇಕಾದದ್ದು

ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ರಾಜಸ್ಥಾನ, ಗುಜರಾತಿನಿಂದ ವ್ಯಾಪಾರಕ್ಕೆ ಬಂದು ಇಲ್ಲಿಯವರೇ ಆದ ಕುಟುಂಬಗಳಿವೆ, ಹಿಂದಿನಿಂದಲೂ ಕನ್ನಡದವರಾದ ಕುಟುಂಬಗಳೂ ಇವೆ. ಶ್ವೇತಾಂಬರ, ದಿಗಂಬರ ಇಬ್ಬರೂ ಇದ್ದೇವೆ. ಕೊಪಣದ ವಿಷಯದಲ್ಲಿ ನಾವೆಲ್ಲ ಒಂದು ಕೆಲಸವನ್ನು ಒಟ್ಟಿಗೆ ಮಾಡಬಹುದು. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗಿ, ಹಳಗನ್ನಡ ಬಲ್ಲ ಒಬ್ಬ ಮೇಷ್ಟ್ರನ್ನು ಜೊತೆಗಿಟ್ಟುಕೊಂಡು, ಆ ಎರಡು ಸಾಲನ್ನು ಓದಿಸಬೇಕು. ಹೋದ ಮೇಲೆ ಕೊಪ್ಪಳದ ಸ್ಥಳೀಯ ಜೈನ ಸಮಾಜದವರನ್ನು, ಊರ ಹಿರಿಯರನ್ನು ಕಂಡು ಮಾತಾಡಿ ಬರಬೇಕು. ದಿನವೂ ಆ ಗುಡ್ಡ ನೋಡುವವರು ಅವರು. ಅದನ್ನು ಕಾಯುವ ಶಕ್ತಿ ದೂರದಿಂದ ಬರುವ ನಮಗಿಂತ ಅವರಿಗೆ ಹೆಚ್ಚು.

ದಾನ ಮಾಡಲೇಬೇಕು ಅನ್ನಿಸಿದರೆ ಆ ಊರಿನ ಶಾಲೆಗೆ ಪುಸ್ತಕ ಕೊಡಿ, ಕುಡಿಯುವ ನೀರಿನ ವ್ಯವಸ್ಥೆಗೆ ಕೊಡಿ, ಗೋಶಾಲೆಗೆ ಮೇವು ಕೊಡಿ. ಸರ್ವನಂದಿ ಭಟಾರರು ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿದ್ದರೆಂದು ಕಲ್ಲು ಹೇಳುತ್ತದೆ. ಊರಿಗೆ ನಾವು ಉಪಕಾರಿಗಳಾದರೆ ತೀರ್ಥವನ್ನು ಊರೇ ನೋಡಿಕೊಳ್ಳುತ್ತದೆ.

ಮುಂದಿನ ಚಳಿಗಾಲದಲ್ಲಿ ಒಂದು ಭಾನುವಾರವನ್ನು ಕೊಪಣಕ್ಕೆಂದು ತೆಗೆದಿಡಿ. ಮನೆಯ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ.